ತಾತನ ದೀಪ, ಏಳು ತಪ್ಪು

"ಆಯ್ತು ನೋಡು! ಒಂದೇ ಒಂದು ಎರರ್ ಇಲ್ಲ!" ಎಂದು ಅಣ್ಣ ಲ್ಯಾಪ್‌ಟಾಪನ್ನು ತಂಗಿಯ ಕಡೆ ತಿರುಗಿಸಿದ.

ಮೆಣಸು ಪರದೆ ನೋಡಿದಳು. ಹತ್ತು ನಿಮಿಷದ ಹಿಂದೆ ಅಲ್ಲಿ ಏಳು ತಪ್ಪುಗಳು ಕೆಂಪಗೆ ಕೂತಿದ್ದವು. ಈಗ ಒಂದೂ ಇಲ್ಲ. ಆದರೆ ಅವಳು ಕಷ್ಟಪಟ್ಟು ಟೈಪ್ ಮಾಡಿದ ಸಾಲುಗಳೂ ಇಲ್ಲ! ಎರಡು ಜೊತೆ ಬ್ರ್ಯಾಕೆಟ್ ಮಾತ್ರ ಖಾಲಿ ಡಬ್ಬಿಗಳ ಹಾಗೆ ಬಾಯಿ ತೆರೆದುಕೊಂಡಿದ್ದವು.

"ನನ್ನ ಪ್ರೋಗ್ರಾಂ ಎಲ್ಲಿ?"

"ಯಾವ ಲೈನ್ ಕೆಂಪಾಗಿತ್ತೋ ಅದನ್ನೆಲ್ಲ ಡಿಲೀಟ್ ಮಾಡಿದೆ. ಎರರ್ ತೆಗೆದುಕೊಡು ಅಂತ ನೀನೇ ತಾನೆ ಗೋಗರೆದದ್ದು?"

"ಎರರ್ ತೆಗಿ ಅಂದ್ರೆ ಪ್ರೋಗ್ರಾಮನ್ನೇ ತೆಗೆಯೋದಾ? ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು!"

"ಸೇವ್ ಕೂಡ ಮಾಡಿದೀನಿ. ಥ್ಯಾಂಕ್ಸ್ ಬೇಡ ಬಿಡು" ಎಂದು ಅಣ್ಣ ಚಪ್ಪಲಿ ಮೆಟ್ಟಿಕೊಂಡು ಆಡಲು ಓಡಿದ.

ಅವಳ ನಿಜವಾದ ಹೆಸರು ಇದ್ದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ಮುಟ್ಟಿದರೆ ಉರಿಯುತ್ತಾಳೆ ಎಂದು ಉಳಿದವರೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಇವತ್ತಂತೂ ಉರಿಯಲು ಅವಳಿಗೆ ಒಂದಲ್ಲ, ಎರಡು ಕಾರಣಗಳಿದ್ದವು. ಒಂದು ಅಣ್ಣ. ಇನ್ನೊಂದು ತಾತ.

ನಿನ್ನೆ ಶನಿವಾರ, ಅವಳು ಶಾಲೆಯಿಂದ ಬಂದು ಬೆಲ್ ಒತ್ತಿದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಬೆರಳು ನೋಯುವವರೆಗೆ ಒತ್ತಿದರೂ ತಾತ ತೆರೆಯಲಿಲ್ಲ. ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು. ಎದುರು ಮನೆಯ ಹುಡುಗ ಸೈಕಲ್ ನಿಲ್ಲಿಸಿ, "ಏನೇ, ಮನೆಯಿಂದ ಓಡಿಸಿಬಿಟ್ರಾ?" ಎಂದು ನಕ್ಕು ಹೋಗಿದ್ದ.

ತಾತನಿಗೆ ಹತ್ತಿರ ನಿಂತು ಜೋರಾಗಿ ಹೇಳಿದರಷ್ಟೇ ಕೇಳಿಸುವುದು, ನಿಜ. ಆದರೆ ಬೇರೆ ದಿನಗಳಲ್ಲಿ ಒಂದೇ ಸಲ ಒತ್ತಿದರೂ ಬಾಗಿಲು ತೆರೆಯುತ್ತಿತ್ತಲ್ಲ? 'ತನಗೆ ಬೇಕಾದಾಗ ಮಾತ್ರ ಕೇಳಿಸುತ್ತೆ!' ಎಂದು ಮೆಣಸು ಹಲ್ಲು ಕಡಿದಿದ್ದಳು.

ಮೆಟ್ಟಿಲ ಮೇಲೆ ಕೂತಿದ್ದಾಗಲೇ ಅವಳಿಗೆ ಆ ಯೋಚನೆ ಬಂದದ್ದು. ಬ್ಯಾಗಿನಲ್ಲಿ ಸೈನ್ಸ್ ಮಿಸ್ ಕೊಟ್ಟ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಇತ್ತು. ಹೊರಗೊಂದು ಬಟನ್, ಒಳಗೆರಡು ದೀಪ. ಒಂದು ದೀಪ ತಾತನ ಕುರ್ಚಿಯ ಮುಂದೆ, ಇನ್ನೊಂದು ಅಡುಗೆಮನೆಯಲ್ಲಿ. ಬಟನ್ ಒತ್ತಿದರೆ ಎರಡೂ ಹೊತ್ತಿಕೊಳ್ಳಬೇಕು. ಆಗ ಕೇಳಿಸಲಿಲ್ಲ ಎಂದು ಯಾರು ಹೇಳುತ್ತಾರೋ ನೋಡೋಣ!

"ಸೋಮವಾರ ಕೆಲಸ ಮಾಡಿ ತೋರಿಸಿದ್ರೆ ಬೋರ್ಡ್ ಒಂದು ತಿಂಗಳು ನಿನ್ನ ಹತ್ರ ಇರುತ್ತೆ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ" ಎಂದಿದ್ದರು ಮಿಸ್. ಸೋಮವಾರ ಎಂದರೆ ನಾಳೆ.

ಮೆಣಸು ನೋಟ್‌ಬುಕ್ ನೋಡಿಕೊಂಡು ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಿದಳು. ಒಂದು ಸಾಲೂ ಬಿಟ್ಟಿಲ್ಲ ಎಂದುಕೊಂಡಳು. ಚೆಕ್ ಮಾಡುವ ಗುಂಡಿ ಒತ್ತಿದಳು.

ಏಳು ತಪ್ಪು. ಅದೇ ಏಳು!

"ಬಟನ್ ಅಂದ್ರೆ ಯಾವುದು ಅಂತ ಗೊತ್ತಿಲ್ವಂತೆ! ಲ್ಯಾಂಪ್ ಅಂದ್ರೆ ಯಾವುದು ಅಂತ ಗೊತ್ತಿಲ್ವಂತೆ! ನಾನು ಬರ್ದಿದೀನಲ್ಲ, ನಿನಗೆ ಕಣ್ಣಿಲ್ವಾ?" ಎಂದು ಮೇಜು ಗುದ್ದಿದಳು.

ಮೇಜು ಅದುರಿದ್ದು ಗೊತ್ತಾಗಿ ಪಕ್ಕದ ಕುರ್ಚಿಯಲ್ಲಿದ್ದ ತಾತ ಎದ್ದು ಬಂದರು. "ಏನಾಯ್ತು ಮಗಳೇ?"

"ಏನಿಲ್ಲ. ಇದು ಇಂಗ್ಲಿಷ್. ನಿನಗೆ ಬರಲ್ಲ!" ಅವಳು ಬೇಕೆಂದೇ ಜೋರಾಗಿ ಕೂಗಿದಳು.

ತಾತ ನಕ್ಕರು. ಅವರು ನಲವತ್ತು ವರ್ಷ ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಸಾಲು ಜೋಡಿಸಿದವರು. ಅಲ್ಲಿನ ಯಂತ್ರದ ಸದ್ದೇ ಅವರ ಕಿವಿಯನ್ನು ತಿಂದದ್ದು.

"ಬರದೇ ಇರೋ ಭಾಷೇಲೂ ಜೋಡಿಸಿದೀನಿ. ಅರ್ಥ ಬೇಡ, ಆಕಾರ ಸಾಕು. ನೋಟ್‌ಬುಕ್ ಕೊಡು ಇಲ್ಲಿ."

ಎಡಗೈ ಬೆರಳನ್ನು ನೋಟ್‌ಬುಕ್ಕಿನ ಮೇಲೆ, ಬಲಗೈ ಬೆರಳನ್ನು ಪರದೆಯ ಮೇಲೆ ಇಟ್ಟರು. ಪುಟದ ತೀರ ಮೇಲಿನಿಂದ ಶುರುಮಾಡಿದವರು ಅಲ್ಲೇ ನಿಂತುಬಿಟ್ಟರು.

"ಇದನ್ಯಾಕೆ ಬಿಟ್ಟೆ?"

ಪುಟದ ನೆತ್ತಿಯಲ್ಲಿ ಒಂದು ಬಾಕ್ಸ್ ಇತ್ತು. ಅದರೊಳಗೆ ನಾಲ್ಕು ಸಾಲು. ಸುತ್ತ ಸ್ಕೆಚ್ ಪೆನ್ನಿನ ಹೂವು.

"ಅಯ್ಯೋ ತಾತ, ಅದು ಹೆಡಿಂಗ್!"

"ನಾಲ್ಕು ಸಾಲಿನ ಹೆಡಿಂಗಾ? ನಾನಂತೂ ಅಂಥದ್ದು ಜೋಡಿಸಿಲ್ಲಮ್ಮ. ನೋಡು, ಅಲ್ಲಿ ಕೆಂಪಗಿರೋ ಮಾತೇ ಇಲ್ಲೂ ಇದೆ."

ಮೆಣಸು ಬಗ್ಗಿ ನೋಡಿದಳು. ಬಟನ್ ಬೋರ್ಡಿನ ಎಷ್ಟನೇ ಪಿನ್ನಿನಲ್ಲಿದೆ. ಒಂದನೇ ಲ್ಯಾಂಪ್ ಎಷ್ಟರಲ್ಲಿ. ಎರಡನೇ ಲ್ಯಾಂಪ್ ಎಷ್ಟರಲ್ಲಿ. ಎಷ್ಟು ಹೊತ್ತು ಉರಿಯಬೇಕು. ಯಾರು ಯಾರು ಎಂದು ಕಂಪ್ಯೂಟರಿಗೆ ಹೇಳುವ ಸಾಲುಗಳೇ ಇವು! ಮೇಲೆ ಇದ್ದದ್ದೆಲ್ಲ ಹೆಡಿಂಗ್ ಎಂದು ಬಾಕ್ಸ್ ಹಾಕಿ ಕೂರಿಸಿದ್ದಳು.

"ಮಿಸ್ ಹೇಳಬಾರದಿತ್ತಾ?" ಎಂದು ಸಿಡುಕಿದಳು. ಮಿಸ್ ಹೇಳಿದ್ದರೋ ಏನೋ. ಆಗ ಅವಳು ಹೂವಿಗೆ ಬಣ್ಣ ತುಂಬುತ್ತಿದ್ದಳು.

ಮೊದಲ ಸಾಲು ಸೇರಿಸಿದಳು. ಏಳು ಇದ್ದದ್ದು ಐದಾಯಿತು. ಎರಡನೆಯದು ಸೇರಿಸಿದಳು, ಮೂರು. ಮೂರನೆಯದು, ಒಂದು. ನಾಲ್ಕನೆಯದಕ್ಕೆ ಎಲ್ಲವೂ ಮಾಯ! ಈ ಸಲ ಪ್ರೋಗ್ರಾಂ ಮಾತ್ರ ಇದ್ದಲ್ಲೇ ಇತ್ತು.

ಪ್ರೋಗ್ರಾಮನ್ನು ಬೋರ್ಡಿಗೆ ಕಳಿಸಿ, ದೀಪಗಳನ್ನು ಅವುಗಳ ಜಾಗದಲ್ಲಿಟ್ಟು, ಬಟನ್ನಿನ ವೈರನ್ನು ಕಿಟಕಿಯ ಸಂದಿಯಿಂದ ಹೊರಗೆ ಎಳೆದಳು. "ನೀನು ಕುರ್ಚೀಲಿ ಕೂತ್ಕೊಂಡು ದೀಪಾನೇ ನೋಡ್ತಿರಬೇಕು!" ಎಂದು ತಾತನ ಕಿವಿಯಲ್ಲಿ ಕೂಗಿ ಹೇಳಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಮೆಟ್ಟಿಲಿಳಿದು, ಶಾಲೆಯಿಂದ ಬಂದವಳ ಹಾಗೆ ಮತ್ತೆ ಹತ್ತಿದಳು.

ಬಟನ್ ಒತ್ತಿದಳು. ಬೆರಳು ತೆಗೆಯುವ ಮೊದಲೇ ಬಾಗಿಲು ತೆರೆಯಿತು!

"ಲೈಟ್ ಬಂತಾ ತಾತ?"

ತಾತ ತಿರುಗಿ ನೋಡಿದರು. ಕುರ್ಚಿಯ ಮುಂದೆ ದೀಪ ಉರಿಯುತ್ತಿತ್ತು. ಕುರ್ಚಿ ಖಾಲಿ ಇತ್ತು.

"ಅಯ್ಯೋ, ನೋಡಲೇ ಇಲ್ವಲ್ಲ. ನಾನು ಇಲ್ಲೇ ಇದ್ದೆ."

"ಕೂತ್ಕೋ ಅಂದಿದ್ನಲ್ಲ! ಇಲ್ಲೇನು ಮಾಡ್ತಿದ್ದೆ?"

"ಅಭ್ಯಾಸ ಕಣಮ್ಮ." ತಾತ ಅಂಗೈಯನ್ನು ಬಾಗಿಲ ಹಲಗೆಗೆ ಒತ್ತಿ ತೋರಿಸಿದರು. "ನೀನು ಮೆಟ್ಟಿಲು ಹತ್ತಿದ್ರೆ ಇಲ್ಲಿ ಸಣ್ಣಗೆ ಗೊತ್ತಾಗುತ್ತೆ. ಸ್ಕೂಲ್ ಬಿಡೋ ಹೊತ್ತಿಗೆ ದಿನಾ ಬಂದು ಹೀಗೆ ನಿಂತ್ಕೋತೀನಿ. ನಿನ್ನೆ ಯಾಕೋ ತಲೆ ಸುತ್ತಿದ ಹಾಗಾಯ್ತು, ಎರಡು ನಿಮಿಷ ಒರಗೋಣ ಅಂತ ಹೋದೆ. ಕಣ್ಣು ಹತ್ತಿಬಿಡ್ತು."

ಮೆಣಸು ಬಾಗಿಲನ್ನು ನೋಡಿದಳು. ತಾತ ಕೈಯಿಟ್ಟ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಸರಿಯಾಗಿ ಒಂದು ಅಂಗೈಯಷ್ಟು.

ಅವಳು ತಾತನ ಕೈ ಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಬೆನ್ನಿಗೆ ದಿಂಬು ಕೊಟ್ಟಳು.

"ಕಾಲು ಚಾಚ್ಕೊಂಡು ಕೂತ್ಕೋ. ದೀಪ ಹತ್ತಿದ ಮೇಲೆ ಎದ್ರೆ ಸಾಕು. ನಿಧಾನಕ್ಕೆ ಬಾ."

"ಆಮೇಲೆ ಬೈಯಲ್ಲ ತಾನೆ?"

"ಇಲ್ಲ ತಾತ."

ಮತ್ತೆ ಹೊರಗೆ ಬಂದು ಬಟನ್ ಒತ್ತಿದಳು. ಬಾಗಿಲು ತೆರೆಯಲಿಲ್ಲ. ಇನ್ನೊಂದು ಸಲ ಒತ್ತಲಿಲ್ಲ. ತನ್ನ ಅಂಗೈಯನ್ನು ಬಾಗಿಲಿಗೆ ಒತ್ತಿ ಸುಮ್ಮನೆ ನಿಂತಳು.

ಸ್ವಲ್ಪ ಹೊತ್ತು ಏನೂ ಗೊತ್ತಾಗಲಿಲ್ಲ. ಆಮೇಲೆ, ಹೆಜ್ಜೆ ಹೆಜ್ಜೆಗೂ, ಮರ ಸಣ್ಣಗೆ ಅದುರತೊಡಗಿತು.