ಗರಿ ಬಿಚ್ಚಿದ ನವಿಲು

ಸೋಮವಾರ ಬೆಳಿಗ್ಗೆ ರಾಣೆಬೆನ್ನೂರಿನ ಪ್ರಿಯಾಂಕಾ ತನ್ನ ಕಸೂತಿ ಅಂಗಡಿ ತೆರೆದು ಹಗಲೂ ರಾತ್ರಿ ಚಾಲೂ ಇರುವ ಕಂಪ್ಯೂಟರಿನ ಪರದೆ ಹಚ್ಚಿದಳು. ಡಿಸೈನುಗಳಿರಲಿಲ್ಲ. ಮದುವೆ ಸೀಜನ್ನಿಗೆಂದು ಕೆಲಸದ ಹುಡುಗಿ ಆಯಿಶಾ ಬರೆದಿಟ್ಟ ಬಳ್ಳಿ, ಅಂಚು, ಹೂವು ಒಂದೂ ಇಲ್ಲ. ಕಸೂತಿ ಯಂತ್ರ ನಡೆಸುವ ಸಾಫ್ಟ್‌ವೇರ್ ಜೊತೆಗೆ ಬಂದಿದ್ದ ಮಾದರಿ ಚಿತ್ರಗಳು ಮಾತ್ರ ಉಳಿದಿದ್ದವು.

ಶನಿವಾರ ಸಂಜೆ ಅಂಗಡಿ ಮುಚ್ಚಿದವಳು ಆಯಿಶಾ. ಬರುವ ಶುಕ್ರವಾರ ಸ್ವಂತ ಅಂಗಡಿ ತೆರೆಯುತ್ತೇನೆಂದು ಅವತ್ತೇ ಹೇಳಿ ಹೋಗಿದ್ದಳು. ಇನ್ನೇನು ಬೇಕು?

ನಾನು ಗುಡದಪ್ಪ, ಹಾವೇರಿ ಜಿಲ್ಲಾ ಸೈಬರ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ನನಗೆ ನಮ್ಮ ಮನೆ ಬೆಕ್ಕಿನ ಮೇಲೂ ಸಂಶಯ. ಪ್ರಿಯಾಂಕಾಳ ದೂರು ಬಂದು, ನಮ್ಮ ಜೀಪು ಊರು ಮುಟ್ಟುವ ಮೊದಲೇ ಕೇಸು ಮುಗಿಸಿಬಿಟ್ಟಿದ್ದೆ. ಸಬ್ ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಮೇಡಂ ಮಾತ್ರ ಮೊದಲು ಅಂಗಡಿ ನೋಡೋಣ ಎಂದರು.

ಅಂಗಡಿಯಲ್ಲಿ ಕಿರಣಕುಮಾರ ಕಾಯುತ್ತಿದ್ದ. ಆ ಸಾಫ್ಟ್‌ವೇರ್ ತಯಾರಿಸಿ ಮಾರಿದವನು ಅವನೇ.

"ನಾ ಎಲ್ಲಾ ನೋಡೇನ್ರಿ ಮೇಡಂ. ಯಾರೋ ಬೇಕಂತನ ಅಳಿಸ್ಯಾರ."

"ನೀವು ಇದನ್ನ ಕಡೀಕ ಮುಟ್ಟಿದ್ದು ಯಾವಾಗ?"

"ದೀಪಾವಳಿ ಮೊದಲರಿ. ಆಮ್ಯಾಲೆ ಕೈ ಹಚ್ಚಿಲ್ಲ."

ಮೇಡಂ ಗೋಡೆ ನೋಡುತ್ತಿದ್ದರು. ಗಿರಾಕಿಗಳಿಗೆ ತೋರಿಸಲು ಮಾದರಿ ಚಿತ್ರಗಳನ್ನು ಬಟ್ಟೆಯ ಮೇಲೆ ಹೊಲಿದು ಚೌಕಟ್ಟು ಹಾಕಿದ್ದರು. ಕಮಲ, ಮಾವಿನಕಾಯಿ, ಗರಿ ಮುಚ್ಚಿದ ನವಿಲು. ಆಮೇಲೆ ಮೇಡಂ ಕಂಪ್ಯೂಟರ್ ನೋಡಿದರು. ಕಮಲ, ಮಾವಿನಕಾಯಿ, ಗರಿ ಬಿಚ್ಚಿದ ನವಿಲು. ನಾನೂ ನೋಡಿದೆ. ನನಗೆ ಕಂಡದ್ದು ನವಿಲಷ್ಟೇ.

* * *

ಆಯಿಶಾಳ ಮನೆಯಲ್ಲಿ ಹೊಸ ಅಂಗಡಿಯ ಬೋರ್ಡು ಗೋಡೆಗೆ ಒರಗಿತ್ತು. ಬಣ್ಣ ಇನ್ನೂ ಹಸಿ.

"ಪ್ರಿಯಾಂಕಾನ ಸೀಜನ್ ಹಾಳಾದ್ರ ಲಾಭ ನಿನಗ ಅಲ್ಲೇನು?" ಎಂದೆ.

"ನಾ ಬರದದ್ದು ನಾನ ಯಾಕ ಅಳಿಸ್ಲಿರಿ? ಓಣ್ಯಾಗೆಲ್ಲಾ ಕಳ್ಳಿ ಅನ್ನಾಕತ್ತಾರ. ಶುಕ್ರವಾರ ಅಂಗಡಿ ತಗದ್ರ ನನ್ನ ಕೈಯಾಗ ಹೊಲಿಯಾಕ ಜಂಪರ್ ಪೀಸ್ ಯಾರು ಕೊಡ್ತಾರ?"

ಅವಳು ಅಳಲಿಲ್ಲ. ಅಳದವರನ್ನು ಕಂಡರೆ ನನ್ನ ಸಂಶಯ ಇನ್ನಷ್ಟು ಗಟ್ಟಿ.

ಮೇಡಂ ಕೇಳಿದ್ದು ಒಂದೇ. "ಕಿರಣಕುಮಾರನ ಸಾಫ್ಟ್‌ವೇರ್ ಮತ್ತ ಯಾರ ಹಂತೇಕ ಐತಿ?"

"ಬ್ಯಾಡಗಿಯೊಳಗ ಮೈಲವ್ವ ಅಂತ ಅದಾಳ್ರಿ. ಟೇಲರ್."

* * *

ಬ್ಯಾಡಗಿಗೆ ಹೋದೆವು. ಮಾರ್ಕೆಟ್ ದಾಟುವಷ್ಟರಲ್ಲಿ ಮೆಣಸಿನ ಘಾಟಿಗೆ ನಾನು ಸೀನಿ ಸೀನಿ ಸುಸ್ತಾಗಿದ್ದೆ. ಮೈಲವ್ವನ ಕಂಪ್ಯೂಟರಿನಲ್ಲೂ ನವಿಲು ಗರಿ ಬಿಚ್ಚಿ ನಿಂತಿತ್ತು.

"ಮೊದಲ ಗರಿ ಮುಚ್ಚಿತ್ತರಿ. ಹೋದ ವಾರ ಇಂಟರ್ನೆಟ್‌ದಾಗ ಹೊಸಾ ಸಾಫ್ಟ್‌ವೇರ್ ಕಳಿಸೇನಿ ಅಂದ ಕಿರಣಕುಮಾರ. ಅವತ್ತ ನನ್ನ ಡಿಸೈನ್ ಎಲ್ಲಾ ಮಾಯ."

"ಅವನ್ನ ಕೇಳಿಲ್ಲೇನು?"

"ಕೇಳಿದೆ. ನಿಮ್ಮ ಸೊಸಿ ಅಳಿಸ್ಯಾಳ ಅಂದ. ನಾ ಸೊಸೀಗೆ ಬಾಯಿಗೆ ಬಂದಂಗ ಬೈದೇನ್ರಿ. ತವರಮನಿಗೆ ಹೋಗ್ಯಾಳ."

ಜೀಪು ವಾಪಸು ಹೊರಟಿತು. ನಾನು ಮುಗಿಸಿಟ್ಟ ಕೇಸು ಬಿಚ್ಚಿಕೊಳ್ಳುತ್ತಿತ್ತು.

* * *

ಮರುದಿನ ಎಲ್ಲರೂ ಪ್ರಿಯಾಂಕಾಳ ಅಂಗಡಿಯಲ್ಲಿ ಸೇರಿದೆವು. ಮೇಡಂ ಹೇಳಿದಂತೆ ಆಯಿಶಾ ಕಂಪ್ಯೂಟರಿನಲ್ಲಿ ಒಂದು ಬಳ್ಳಿ ಬರೆದು ಉಳಿಸಿದಳು.

"ಕಿರಣಕುಮಾರ, ಮೈಲವ್ವಗ ಕಳಿಸಿದ ಹೊಸಾದನ್ನ ಈಗ ಇದಕ್ಕ ಹಾಕ್ರಿ."

ಅವನ ಕೈ ಕೀಬೋರ್ಡ್ ತನಕ ಹೋಗಿ ನಿಂತಿತು.

"ಮೊದಲ ಆ ಬಳ್ಳಿ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಳ್ರಿ ಮೇಡಂ."

"ಯಾಕ? ಹೊಸಾದು ಹಾಕಿದ್ರ ಬಳ್ಳಿಗೆ ಏನಾಗ್ತೈತಿ?"

ಕಿರಣಕುಮಾರ ಕೀಬೋರ್ಡಿನಿಂದ ಕೈ ತೆಗೆದ. ಫ್ಯಾನಿನ ಕೆಳಗೇ ಕೂತಿದ್ದ, ಆದರೂ ಬೆವರಿದ್ದ.

ಮೇಡಂ ನನ್ನತ್ತ ತಿರುಗಿದರು. "ಗುಡದಪ್ಪ, ಬ್ಯಾಡಗಿಯೊಳಗ ರೈತರ ಮೆಣಸಿನಕಾಯಿ ಚೀಲ ಎಲ್ಲಿಡ್ತಾರ?"

"ಕೋಲ್ಡ್ ಸ್ಟೋರೇಜ್‌ನ್ಯಾಗ್ರಿ."

"ದಲಾಲಿ ಅಂಗಡಿ ಗುಡಿಸಿ ಸುಣ್ಣ ಹೊಡದ್ರ?"

"ಚೀಲಕ್ಕೇನೂ ಆಗೂದಿಲ್ರಿ."

"ಲಿನಕ್ಸ್ ಮ್ಯಾಲೆ ನಡಿಯೂ ಈ ಕಂಪ್ಯೂಟರ್‌ನ್ಯಾಗೂ ಹಂಗ. ಸಾಫ್ಟ್‌ವೇರ್ ತಂದ ಸಾಮಾನು ಯುಎಸ್‌ಆರ್ ಅನ್ನೂ ಫೋಲ್ಡರ್‌ನ್ಯಾಗ ಇರ್ತೈತಿ. ಅದು ಅಂಗಡಿ. ಬಳಸವ್ರು ತಂದಿಟ್ಟದ್ದು ವಾರ್ ಅನ್ನೂ ಫೋಲ್ಡರ್‌ನ್ಯಾಗ ಬ್ಯಾರೆ ಇರಬೇಕು. ಅದು ಕೋಲ್ಡ್ ಸ್ಟೋರೇಜ್. ಇಂವ ಎರಡನ್ನೂ ಅಂಗಡ್ಯಾಗ ಇಟ್ಟ. ಹೊಸಾದು ಬರೂಮುಂದ ಅಂಗಡಿ ಪೂರಾ ಗುಡಿಸು ಅಂತ ಬರದಾಂವನೂ ಇವನ. ರವಿವಾರ ಇಲ್ಲಿಗೂ ಹೊಸಾದು ಬಂತು. ನವಿಲು ಗರಿ ಬಿಚ್ಚಿತು, ಆಯಿಶಾನ ಡಿಸೈನ್ ಕಸದ ಜೋಡಿ ಹೋತು. ದೀಪಾವಳಿಯಿಂದ ಕೈ ಹಚ್ಚಿಲ್ಲ ಅಂದ್ರ ನವಿಲು ತಾನ ಗರಿ ಬಿಚ್ಚೇತೇನು?"

"ಬ್ಯಾಡಗಿಯೊಳಗ ಮೈಲವ್ವನ ಡಿಸೈನ್ ಹೋದಾಗ ನನಗೂ ಗೊತ್ತಾತ್ರಿ," ಎಂದ ಕಿರಣಕುಮಾರ ತಲೆ ತಗ್ಗಿಸಿ. "ರವಿವಾರದ್ದು ತಾನ ಹೋಗೂಹಂಗ ಹಚ್ಚಿಟ್ಟಿದ್ದೆ. ನಿಲ್ಲಿಸಿದ್ರ ತಪ್ಪು ನಂದ ಅಂತ ಒಪ್ಪಬೇಕಾಗ್ತಿತ್ತು. ಗಿರಾಕಿ ಎಲ್ಲಾ ಬಿಟ್ಟು ಹೋಗ್ತಿದ್ರು."

"ಎಲ್ಲಿಡಬೇಕಂತ ತಿಳೀಲಿಲ್ಲ, ಅದು ತಪ್ಪು. ತಿಳದ ಮ್ಯಾಲೂ ಈಕಿ ಕೊರಳಿಗೆ ಕಟ್ಟಿದ್ದು ಅಪರಾಧ. ಪೊಲೀಸರಿಗೆ ಸುಳ್ಳು ಬ್ಯಾರೆ. ನಡೀರಿ ಠಾಣೆಕ. ಮೊದಲ ಮೈಲವ್ವನ ಸೊಸೀಗೆ ಫೋನ್ ಹಚ್ಚಿ ಖರೇ ಹೇಳ್ರಿ."

ಪ್ರಿಯಾಂಕಾ ಆಯಿಶಾಳ ಕೈ ಹಿಡಿದಳು. "ತಪ್ಪಾತವ್ವಾ. ನಾಳಿಂದ ಬಾ. ಎಲ್ಲಾ ಹೊಸದಾಗಿ ಬರಿ."

"ಬರೀತೇನಿ ಅಕ್ಕಾ," ಎಂದಳು ಆಯಿಶಾ. ಮೊಳೆಗೆ ತೂಗುಹಾಕಿದ್ದ ತನ್ನ ಕತ್ತರಿ ತೆಗೆದುಕೊಂಡಳು. "ನನ್ನ ಅಂಗಡ್ಯಾಗ." ಆಗ ಅತ್ತಳು.

ಶುಕ್ರವಾರ ಹೆಂಡತಿಯ ಜಂಪರ್ ಪೀಸ್ ಹಿಡಿದು ನಾನೇ ಮೊದಲು ಹೋದೆ. ಹೆಂಡತಿಗೆ ನನ್ನ ಮೇಲೆ ಸಂಶಯ ಬಂತು, ಬರಲಿ.

"ನವಿಲು ಹಾಕ್ಲೇನ್ರಿ ಸಾಹೇಬ್ರ? ಗರಿ ಬಿಚ್ಚಿದ್ದೋ, ಮುಚ್ಚಿದ್ದೋ?"

"ನೀ ಬರದದ್ದು ಯಾವುದಾದ್ರೂ ಹಾಕವ್ವಾ," ಎಂದೆ. ಅವಳ ಮುಖ ನೋಡಲಾಗಲಿಲ್ಲ. ಬೋರ್ಡು ನೋಡುತ್ತ ನಿಂತೆ. ಬಣ್ಣ ಒಣಗಿತ್ತು.