ಸುಣ್ಣದ ಕೆಳಗಿನ ಕಲ್ಲು

ಶಿಡ್ಲಘಟ್ಟದ ಹಳೆಯ ಪ್ರೆಸ್ಬಿಟೇರಿಯನ್ ಚರ್ಚಿನೊಳಗೆ ಏಣಿ ಅಡ್ಡ ಬಿದ್ದಿತ್ತು. ಪಕ್ಕದಲ್ಲಿ, ಪ್ರತಿ ಕ್ರಿಸ್‌ಮಸ್‌ಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಆವುಲಪ್ಪ ಸತ್ತು ಬಿದ್ದಿದ್ದ. ಕೈಯಲ್ಲೊಂದು ಚಾಕು. ಮೇಲೆ ಗೋಡೆಯಲ್ಲಿ, ಹೋದ ವಾರವಷ್ಟೇ ಸುಣ್ಣದಡಿ ಸಿಕ್ಕಿದ್ದ ಶಾಸನದ ಕಲ್ಲು: ಈ ಜಾಗ ನೂರು ವರ್ಷದ ಬಳಿಕ ದಾನ ಕೊಟ್ಟ ಸುನೀಲ್‌ಕುಮಾರನ ಮುತ್ತಜ್ಜನ ವಂಶಕ್ಕೆ ಮರಳಬೇಕು. ಸೋಮವಾರ ಕಟ್ಟಡ ಒಡೆಯುವುದೆಂದು ತೀರ್ಮಾನವಾಗಿತ್ತು.

ಚರ್ಚಿನ ಕಾರ್ಯದರ್ಶಿ ಸುನೀಲ್‌ಕುಮಾರ್ ಸಾದಲಿಯಲ್ಲಿ ರೇಷ್ಮೆಹುಳು ಸಾಕುವ ತನ್ನ ಹುಳುಮನೆಯಿಂದ ನೇರ ಬಂದಿದ್ದ. "ಕಾಲು ಜಾರಿರ್ಬೇಕು ಮೇಡಂ," ಎಂದ.

ಯಶೋಧರಾ ಮೇಡಂ ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದವರು. ಊರಿನ ಒಗಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಜೊತೆಗೆ ನಾನೂ ಹೋಗುತ್ತಿದ್ದೆ.

"ಕುಂಚ ಮನೇಲೇ ಐತೆ ಕಣಮ್ಮ," ಎಂದಳು ಆವುಲಪ್ಪನ ಹೆಂಡತಿ ಮುನಿಶಾಮಮ್ಮ. "ಗೋಡೇಲಿ ಕಲ್ಲೇ ಇರ್ಲಿಲ್ಲ, ನನ್ನ ಕೈಗೆ ಗೊತ್ತು ಅಂತಿದ್ರು. ಕುಡ್ದು ಬಿದ್ದ ಅಂತಾರೆ ಜನ."

ಮೇಡಂ ಬಗ್ಗಿ ಆವುಲಪ್ಪನ ಉಗುರು ಮೂಸಿ ನೋಡಿದರು. ಹಳೆಯ ಗೋಡೆಯಿಂದ ಸುಣ್ಣದ ಒಂದು ಚಕ್ಕೆ, ಕಲ್ಲಿನ ಅಂಚಿನಿಂದ ಒಂದು ಚಕ್ಕೆ ಬಿಡಿಸಿಕೊಂಡರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿದರು. ಸುನೀಲ್‌ಕುಮಾರನಿಂದ ಜಾಗ ಕೊಳ್ಳಲು ಒಪ್ಪಿದ್ದ ರೇಷ್ಮೆ ನೂಲಿನ ಖಲೀಮುಲ್ಲಾ ಗೊಣಗಿದ: "ನನ್ ಮೇಲೇ ಕಣ್ಣಿಟ್ಟಿದೀರಾ ಮೇಡಂ?"

"ನಿಮ್ಮ ಮೂಗು ಬೇಕಾಗಿದೆ, ಕಣ್ಣಲ್ಲ," ಎಂದರು ಮೇಡಂ. "ಹಳೇ ಚಕ್ಕೆ ನೋಡಿ. ಸುಣ್ಣದ ಪದರಗಳ ನಡುವೆ ಕಪ್ಪು ಗೆರೆ. ಕರೆಂಟು ಬರೋವರೆಗೆ ಸೀಮೆಎಣ್ಣೆ ದೀಪದ ಮಸಿ ವರ್ಷವರ್ಷ ಕೂತಿದ್ದು. ಕಲ್ಲಿನ ಮೇಲಿದ್ದ ಸುಣ್ಣ ಅಷ್ಟೇ ದಪ್ಪ, ಆದರೆ ಗೆರೆ ಒಂದೂ ಇಲ್ಲ. ಒಂದರ ಮೇಲೊಂದು, ಒಂದೇ ಸಲ ಬಳಿದಿದ್ದು."

ಎರಡಕ್ಕೂ ನಿಂಬೆರಸ ಹಿಂಡಿದರು. ಹಳೆಯದು ನೊರೆಗಟ್ಟಿತು, ಅಷ್ಟೆ. ಹೊಸದರ ಘಾಟು ಮೂಗಿಗೆ ಹೊಡೆಯಿತು.

"ಅರೆ, ಹುಳುಮನೆ ವಾಸ್ನೆ!" ಎಂದ ಖಲೀಮುಲ್ಲಾ.

"ಹುಳುಗಳಿಗೆ ರೋಗ ತಗಲದಿರಲೆಂದು ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿಡ್ತಾರೆ. ಖಲೀಮುಲ್ಲಾ ಗೂಡು ಕೊಂಡು ನೂಲು ತೆಗೆಯೋರು, ಅವರಿಗದು ಬೇಕಿಲ್ಲ. ಚಾವಣಿ ರಿಪೇರಿ ಅಂತ ಚರ್ಚು ಎರಡು ತಿಂಗಳು ಮುಚ್ಚಿತ್ತಲ್ಲ, ಕಲ್ಲು ಕೂರಿಸಿದ್ದು ಆಗ. ಬೀಗದ ಕೈ ಯಾರ ಹತ್ರ ಇತ್ತು? ಆವುಲಪ್ಪ ಅದೇ ಸುಣ್ಣ ಕೆರೆಯೋಕೆ ಹತ್ತಿದ್ದ. ಅವನ ಉಗುರಲ್ಲೂ ಇದೇ ಘಾಟು."

ಎಲ್ಲರ ಮುಖ ಸುನೀಲ್‌ಕುಮಾರನ ಕಡೆ ತಿರುಗಿತು. ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದರು.

"ಏಣಿ ಅಲ್ಲಾಡಿಸಿದ್ದು ಹೆದರ್ಸೋಕೆ," ಎಂದ ಸುನೀಲ್‌ಕುಮಾರ್. "ಕೆಳಗಿಳೀಲಿ ಅಂತ."

ಮುನಿಶಾಮಮ್ಮ ಅವನೆದುರು ಬಂದು ನಿಂತಳು. ಅಳಲಿಲ್ಲ.

"ಇಳಿ ಅಂದಿದ್ರೆ ಇಳೀತಿದ್ರಲ್ಲಪ್ಪ," ಎಂದಳು. "ನಿನ್ನ ಮಾತು ಯಾವತ್ತು ಮೀರಿದ್ರು ಅವ್ರು?"