ಗುಬ್ಬಿಯ ಪ್ರೋಟೀನ್

ಸಭೆಯಲ್ಲಿ ನಿರ್ದೇಶಕಿ ‘ಗುಬ್ಬಿಯ ಪ್ರೋಟೀನ್’ ಎಂದದ್ದು ಒಂದೇ ಸಲ. ಮೇಷ್ಟ್ರ ಎದೆಯಲ್ಲಿ ಅದು ಮುಳ್ಳಿನಂತೆ ಮುರಿದು ಕೂತಿತು.

ಆ ಸಸ್ಯರೋಗ ಸಂಶೋಧನಾಲಯದಲ್ಲಿ ಅರ್ಧಕ್ಕರ್ಧ ಜನ ಅವರ ಕೈಕೆಳಗೆ ಕಲಿತವರು. ಅದಕ್ಕೇ ಅವರು ಎಲ್ಲರಿಗೂ ಮೇಷ್ಟ್ರು. ಗುಬ್ಬಿಯೂ ಹಾಗೆ ಕಲಿತವಳೇ. ಸಣ್ಣ ಮೈಕಟ್ಟು, ಒಂದು ಕಡೆ ನಿಲ್ಲದ ಕಾಲು. ಆ ಅಡ್ಡಹೆಸರು ಇಟ್ಟವರೂ ಮೇಷ್ಟ್ರೇ. ಆದರೆ ಆ ಪ್ರೋಟೀನ್ ಹುಟ್ಟಿದ ಬ್ಯಾಕ್ಟೀರಿಯಾ ಯಾರದು? ಕೊಂಬೆಗಳೆಲ್ಲ ಬೆಂಕಿ ತಗುಲಿದಂತೆ ಕಪ್ಪಾಗಿ ಸಾಯುತ್ತಿದ್ದ ಸೇಬಿನ ಮರದಿಂದ ಅದನ್ನು ಹೆಕ್ಕಿ ತಂದವರು ಅವರು. ‘ಮರ ಕೊಲ್ಲುವ ಪೀಡೆ, ಎಸೆಯಿರಿ’ ಎಂದು ಉಳಿದವರು ನಕ್ಕಾಗ ವರ್ಷಗಟ್ಟಲೆ ಮಗುವಿನಂತೆ ಸಾಕಿದವರು ಅವರು. ಗುಬ್ಬಿ ಬಂದಳು, ಆ ಪೀಡೆಯ ಮೈಯಿಂದ ಒಂದು ಪ್ರೋಟೀನನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತೆಗೆದಳು. ಅದನ್ನು ಎಲೆಗೆ ಸಿಂಪಡಿಸಿದರೆ ಗಿಡಕ್ಕೆ ಕೇಡಿಲ್ಲ. ಶತ್ರು ಬಂದೇಬಿಟ್ಟ ಎಂದು ಗಿಡ ಮೈಯೆಲ್ಲ ಎಚ್ಚರವಾಗಿ ರೋಗಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ. ಬೇರು ಆಳಕ್ಕಿಳಿದು ಬೆಳವಣಿಗೆಯೂ ಚುರುಕಾಗುತ್ತದೆ. ಗುಬ್ಬಿಯ ಲೇಖನ ಅಚ್ಚಾದಾಗ ಮೇಷ್ಟ್ರ ಹೆಸರು ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿತ್ತು.

ಹೊರಗಿನಿಂದ ತಜ್ಞರು ಬರುವವರಿದ್ದರು. ಗಾಜಿನ ಮನೆಯಲ್ಲಿ ಟೊಮೆಟೊ ಸಸಿಗಳು ಎರಡು ಸಾಲಾಗಿ ಸಿದ್ಧವಾಗಿದ್ದವು. ಒಂದು ಸಾಲಿಗೆ ಗುಬ್ಬಿಯ ಬಾಟಲಿಯ ದ್ರಾವಣ, ಇನ್ನೊಂದಕ್ಕೆ ಬರೀ ನೀರು. ಆಮೇಲೆ ಎರಡಕ್ಕೂ ಎಲೆಚುಕ್ಕೆ ರೋಗ ತಗುಲಿಸಿ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತಜ್ಞರು ನೋಡುವುದು.

ಮೇಷ್ಟ್ರು ಯೋಚಿಸಿದ ಉಪಾಯ ನೀಟಾಗಿತ್ತು. ಬಾಟಲಿ ಕದಿಯುವುದಲ್ಲ, ಅದಕ್ಕೆ ಏನನ್ನೂ ಬೆರೆಸುವುದೂ ಅಲ್ಲ, ಕುದಿಸಿಬಿಡುವುದು, ಅಷ್ಟೆ. ಪ್ರೋಟೀನೆಂದರೆ ಮೊಟ್ಟೆಯ ಬಿಳಿಯ ಹಾಗೆ. ಬೆಂದರೆ ಮುಗಿಯಿತು, ಮತ್ತೆ ಹಸಿಯಾಗುವುದಿಲ್ಲ. ವಿಷ ಹುಡುಕಿದರೆ ವಿಷವಿಲ್ಲ. ಎರಡೂ ಸಾಲು ಒಟ್ಟಿಗೆ ಮಲಗುತ್ತವೆ. ಗುಬ್ಬಿ ಅಳುತ್ತ ತಮ್ಮ ಕೋಣೆಗೇ ಬರುತ್ತಾಳೆ. ‘ಹೋಗಲಿ ಬಿಡಮ್ಮ, ಇನ್ನು ಇಬ್ಬರೂ ಸೇರಿ ಮಾಡೋಣ’ ಎನ್ನುವ ಸಮಾಧಾನದ ಮಾತು ಕೂಡ ಅವರ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಕುದಿಯುವ ನೀರಿನಲ್ಲಿ ಇಳಿಬಿಟ್ಟರು. ತಿಳಿಯಾಗಿದ್ದದ್ದು ಹಾಲಿನಂತಾಯಿತು, ಆಮೇಲೆ ಬಿಳಿ ಚೂರು ಚೂರಾಗಿ ಒಡೆಯಿತು. ನಲ್ಲಿಯ ಕೆಳಗೆ ಆರಿಸಿ, ಶೋಧಕ ಕಾಗದದಲ್ಲಿ ಸೋಸಿದರು. ಮತ್ತೆ ಮೊದಲಿನ ಹಾಗೇ ತಿಳಿ. ಚೀಟಿ ಯಾವ ಕಡೆಗಿತ್ತೋ ಅದೇ ಕಡೆಗೆ ತಿರುಗಿಸಿ ಒಳಗಿಟ್ಟರು. ಕೈ ತೊಳೆದರು. ಮತ್ತೊಮ್ಮೆ ತೊಳೆದರು.

ಬಾಗಿಲು ತೆರೆದರೆ ಗುಬ್ಬಿ ಎದುರಿಗೇ ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿ.

“ಸರ್, ಇನ್ನೂ ಊಟ ಮಾಡಿಲ್ವಾ? ಬನ್ನಿ, ಇಬ್ರಿಗೂ ಆಗುತ್ತೆ. ನನಗಂತೂ ಹೆದರಿಕೇಲಿ ಏನೂ ಸೇರ್ತಿಲ್ಲ.”

ಅವಳ ಡಬ್ಬಿಯ ಅನ್ನ ತಿಂದರು. ಈಗಲೂ ಹೇಳಿಬಿಡಬಹುದು ಎನ್ನಿಸಿತು. ನೀರು ಕುಡಿದು ಎದ್ದರು.

ತಜ್ಞರು ಫಲಿತಾಂಶ ನೋಡಲು ಬಂದ ದಿನ ಮೇಷ್ಟ್ರು ಗಾಜಿನ ಮನೆಗೆ ಕೊನೆಯಲ್ಲಿ ಕಾಲಿಟ್ಟರು. ನೀರಿನ ಸಾಲು ಚುಕ್ಕೆ ಹತ್ತಿ ಮುರುಟಿ ಬಿದ್ದಿತ್ತು. ಗುಬ್ಬಿಯ ಸಾಲು ಎದೆ ಸೆಟೆಸಿ ನಿಂತಿತ್ತು. ಹಚ್ಚಗೆ, ಎತ್ತರಕ್ಕೆ, ಹಿಂದೆಂದೂ ಇಲ್ಲದಷ್ಟು ಸೊಂಪಾಗಿ. ಅವರಿಗೆ ಅರ್ಥವಾಗಲಿಲ್ಲ. ಆದರೂ ಬೆನ್ನ ಮೇಲಿನ ಕಲ್ಲೊಂದು ಜಾರಿ ಬಿದ್ದಂತಾಯಿತು. ಮಾಡಿದ ಪಾಪ ತಾನಾಗಿಯೇ ಸುಳ್ಳಾಗಿಹೋಯಿತಲ್ಲ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಆ ನಿರಾಳ ಹೆಚ್ಚು ದಿನ ಬಾಳಲಿಲ್ಲ. ತಜ್ಞರು ಹೊಸ ಬಾಟಲಿ ಕೇಳಿದರು. ಅದರ ಗಿಡಗಳು ಅರೆಬರೆ ಬಾಡಿದವು. ಇನ್ನೊಂದು ಕೇಳಿದರು, ಅದೂ ಸೋತಿತು. ಮೊದಲ ಸಲ ಗುಬ್ಬಿ ಕಳ್ಳತನದಲ್ಲಿ ಎಲೆಗಳಿಗೆ ರೋಗದ ಔಷಧಿ ಬಳಿದಿರಬೇಕೆಂಬ ಪಿಸುಮಾತು ಎದ್ದಿತು. ನಿರ್ದೇಶಕಿ ಮೇಷ್ಟ್ರನ್ನು ಕರೆಸಿದರು.

“ವಿಚಾರಣೆ ನೀವೇ ಮಾಡಿ ಮೇಷ್ಟ್ರೇ. ನಿಮ್ಮಷ್ಟು ನಿಷ್ಪಕ್ಷಪಾತಿ ಇಲ್ಲಿ ಇನ್ಯಾರಿದ್ದಾರೆ?”

ಗುಬ್ಬಿ ಅಳುತ್ತ ಅವರ ಕೋಣೆಗೇ ಬಂದಳು, ಅವರು ಅಂದುಕೊಂಡಿದ್ದ ಹಾಗೆಯೇ.

“ಸರ್, ನಿಮ್ಮ ಹತ್ರ ಮುಚ್ಚಿಡೋದೇನು? ಅದು ಮೊದಲಿಂದಲೂ ಹೀಗೇನೆ. ತೆಗೆದ ತಕ್ಷಣ ಬಳಸಿದ್ರೆ ಸರಿ, ಬಾಟಲಿಗೆ ತುಂಬಿದ ಕೂಡಲೇ ಶಕ್ತಿ ಇಳಿಯೋಕೆ ಶುರುವಾಗುತ್ತೆ. ಆವತ್ತೊಂದು ದಿನ ಮಾತ್ರ ಹೇಗೆ ನಿಂತಿತೋ ನನಗೇ ಗೊತ್ತಿಲ್ಲ. ನಾನು ಮೋಸ ಮಾಡಿಲ್ಲ ಸರ್. ನೀವಾದ್ರೂ ನಂಬ್ತೀರಲ್ಲ?”

“ನಂಬ್ತೀನಿ ಕಣಮ್ಮ,” ಎಂದರು. ಆ ದಿನಗಳಲ್ಲಿ ಅವರು ಆಡಿದ ನಿಜವಾದ ಮಾತು ಅದೊಂದೇ.

ಮನೆಯಲ್ಲಿ ಕೂತರೂ ನಿಂತರೂ ಅದೇ ಯೋಚನೆ. ಒಂದು ಬೆಳಿಗ್ಗೆ ಹೆಂಡತಿ ಒಡೆದ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂದಳು.

“ಕಾಯಿಸಿಡಿ ಅಂತ ಹೇಳಿ ಹೋಗಿದ್ದೆ. ಕಾಯಿಸಿದ್ರೆ ಒಡೀತಿತ್ತೇನ್ರೀ?”

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಕಾಯಿಸಿದರೆ ಹಾಲು ಉಳಿಯುತ್ತದೆ, ಕೆಡಿಸುವುದು ಸಾಯುತ್ತದೆ. ಗುಬ್ಬಿಯ ಪ್ರೋಟೀನ್ ಬಾಟಲಿಯಲ್ಲಿ ಒಂಟಿಯಾಗಿರಲಿಲ್ಲ. ಅದನ್ನು ಕಡಿದು ತಿನ್ನುವ ಪ್ರೋಟೀನೂ ಬ್ಯಾಕ್ಟೀರಿಯಾದಿಂದ ಜೊತೆಗೇ ಬಂದಿತ್ತು. ಬಿಸಿಗೆ ಒಡೆದು ಚೂರಾದದ್ದು ಆ ಭಕ್ಷಕ. ಗುಬ್ಬಿಯದು ಕುದಿಯನ್ನೂ ತಡೆಯುವ ಜಾತಿ! ಹೊಸ ಬಾಟಲಿಯೊಂದನ್ನು ಗುಟ್ಟಾಗಿ ಕುದಿಸಿ, ಸೋಸಿ, ಮೂಲೆಯ ಕೆಲವು ಸಸಿಗಳ ಮೇಲೆ ಪ್ರಯೋಗಿಸಿದರು. ಒಂದೂ ಬೀಳಲಿಲ್ಲ.

ಒಪ್ಪಿಕೊಂಡರೆ ಹುಡುಗಿ ಬಚಾವು, ತಾವು ಮುಳುಗಿದಂತೆ. ಸುಮ್ಮನಿದ್ದರೆ ತಾವು ಬಚಾವು, ಅವಳ ಬಾಳು ಹಾಳು. ಅವಳ ಡಬ್ಬಿಯ ಅನ್ನ ನೆನಪಾಯಿತು. ಹಾಗೆ ಒದ್ದಾಡುತ್ತಿರುವಾಗಲೇ ಮೂರನೆಯ ದಾರಿ ಕಣ್ಣಿಗೆ ಬಿತ್ತು. ಕುದಿಸಿ ನೋಡಿದರೆ ಹೇಗೆ ಎಂದು ಹೊಸದಾಗಿ ಹೊಳೆದವರಂತೆ ತಾವೇ ಸೂಚಿಸುವುದು. ಗುಬ್ಬಿ ಉಳಿಯುತ್ತಾಳೆ, ಪ್ರೋಟೀನ್ ಉಳಿಯುತ್ತದೆ, ಮುಂದಿನ ಲೇಖನದಲ್ಲಿ ತಮ್ಮ ಹೆಸರು ಮೇಲಕ್ಕೆ ಬರುತ್ತದೆ. ತಪ್ಪಿಗೆ ಪ್ರಾಯಶ್ಚಿತ್ತವೂ ಆಯಿತು. ಮನಸ್ಸಿಗೆ ಇದು ಎಷ್ಟು ಹಿತವಾಯಿತೆಂದರೆ, ಅದನ್ನು ಅವರು ಒಳ್ಳೆಯತನವೆಂದೇ ನಂಬಿದರು.

ವಿಚಾರಣೆಯಲ್ಲಿ ತಜ್ಞರ ಕಣ್ಣೆದುರೇ ಬಾಟಲಿ ಕುದಿಯಿತು. ಅದನ್ನು ಸೋಸಿ ಸಿಂಪಡಿಸಿದ ಸಸಿಗಳ ಕೋಣೆಗೆ ತಜ್ಞರೇ ಬೀಗ ಹಾಕಿ ಕೀಲಿ ಇಟ್ಟುಕೊಂಡರು. ಬೀಗ ತೆಗೆದ ದಿನ ಸಸಿಗಳು ಆ ಮೊದಲ ಸಾಲಿನ ಹಾಗೇ ಎದೆ ಸೆಟೆಸಿ ನಿಂತಿದ್ದವು. ಕುದಿಸದೆ ಸಿಂಪಡಿಸಿದವು ಪಕ್ಕದಲ್ಲೇ ಬಾಡಿದ್ದವು.

“ಕುದಿಸದೆ ಇದು ಸಾಧ್ಯವೇ ಇಲ್ಲ,” ಎಂದು ಮೇಷ್ಟ್ರು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. “ಇದನ್ನು ನಾನು ಬರೆದುಕೊಡ್ತೀನಿ.”

ನಿರ್ದೇಶಕಿ ಅವರ ಕೈ ಕುಲುಕಿದರು. ಗುಬ್ಬಿ ಓಡಿಬಂದು ಕಾಲಿಗೆ ಬಾಗಿದಳು. ಅವಳ ತಲೆಯ ಮೇಲೆ ಕೈಯಿಟ್ಟಾಗ ಮೇಷ್ಟ್ರಿಗೆ ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಯಿತು. ಆದರೆ ಬಾಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಅವರ ಅಂಗೈ ಕೆಳಗೆ ಅವಳ ತಲೆ ಅಲುಗಾಡದೆ ನಿಂತಿತು. ಆಮೇಲೆ ಮೆಲ್ಲಗೆ ಮುಖವೆತ್ತಿ, ತಪ್ಪು ಮಾಡಿದವಳು ತಾನೇ ಎನ್ನುವ ಹಾಗೆ ಅಂಜುತ್ತ ಕೇಳಿದಳು: “ಸರ್, ಆವತ್ತಿನ ಬಾಟಲೀನ ನಾನು ಕುದಿಸಿರಲಿಲ್ವಲ್ಲ... ಮತ್ತೆ ಅದನ್ನ ಕುದಿಸಿದ್ದು ಯಾರು?”